ಬರಿ ಪಾತ್ರೆ ಕೊಡಬಾರದು

ಮೊನ್ನೆ ಭಾನುವಾರ ಹೋಳಿಗೆಯ ಹೂರಣಕ್ಕೆಂದು ಜಾಯಿಕಾಯಿ ತೇಯುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಹೊರಗೆ ನಾವೀಗಿರುವ ಹ್ಯಾರಿಸ್‌ಡೇಲಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾನು ಮಾತ್ರ ಅಡಿಲೇಡಿನ ಕಿಲ್ಬರ್ನ್‌ನಲ್ಲಿ, ಪಕ್ಕದ ಮನೆ ಆಂಟಿಯ ತಣ್ಣನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ...

೨೦೧೪ರಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಜರ್ಮನಿಯಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗ ಹಡಗು ಹತ್ತಿ ಬಂದವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಎಂಬತ್ತು ದಾಟಿದವರನ್ನು ಅಜ್ಜಿ ಎನ್ನಬೇಕಿತ್ತೇನೋ, ಆದರೆ ಆ ಬಿಗಿದ ಮುಖ ನೋಡಿದರೆ ಯಾರಿಗೆ ಧೈರ್ಯ ಬರುತ್ತದೆ!

ರವೆ ಉಂಡೆಯ ಸೂಪು ಕಲಿಸಿದ್ದು ಅವರೇ. ರವೆಯಲ್ಲಿ ಜರ್ಮನ್ ಅಡುಗೆಯೇ ಎಂದು ನನಗೆ ನಗು. ಬೆಣ್ಣೆ, ಮೊಟ್ಟೆ ಚೆನ್ನಾಗಿ ಕಲಸಿ, ರವೆ, ಉಪ್ಪು, ತುರಿದ ಜಾಯಿಕಾಯಿ ಹಾಕಿ ನೆನೆಯಲು ಬಿಡಬೇಕು. ಆಮೇಲೆ ಎರಡು ಚಮಚದ ನಡುವೆ ಹೊರಳಿಸಿ ಸೂಪಿಗೆ ಮೆಲ್ಲಗೆ ಬಿಡಬೇಕು. ನಾವು ಮಾಂಸ ತಿನ್ನುವುದಿಲ್ಲವೆಂದು ನಮಗಾಗಿ ತರಕಾರಿ ಬೇಯಿಸಿ ಸೋಸಿದ ರಸ. ನಾನು ಉರಿ ಜೋರು ಮಾಡಲು ಹೋದರೆ ಚಮಚದಿಂದ ಕೈಮೇಲೆ ಒಂದು ಬಿಟ್ಟಿದ್ದರು.

"ಕುದಿಸಬೇಡ, ನೀರು ನಡುಗಿದರೆ ಸಾಕು. ಅವಸರ ಮಾಡಿದರೆ ಉಂಡೆ ಒಳಗೆ ಕಲ್ಲಾಗಿಯೇ ಉಳಿಯುತ್ತೆ."

ಪ್ರತಿ ಗುರುವಾರ, ಬೇಯಿಸಿದ ನೀಲಿ ಎನಾಮೆಲ್ ಪಾತ್ರೆಯಲ್ಲೇ ಸೂಪು ಬರುತ್ತಿತ್ತು. ಬರಿ ಪಾತ್ರೆ ಹಿಂದಿರುಗಿಸಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದಳಲ್ಲ, ನಾನೂ ಏನಾದರೂ ತುಂಬಿಸಿಯೇ ಕೊಡುತ್ತಿದ್ದೆ. ಚಿತ್ರಾನ್ನ, ಉಪ್ಪಿಟ್ಟು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ.

ಆ ಚಳಿಗಾಲದಲ್ಲಿ ಸೂಪು ಬದಲಾಯಿತು. ಮೊದಲು ಜಾಯಿಕಾಯಿಯ ವಾಸನೆ ಮಾಯ. ಮುಂದಿನ ವಾರ ಬಾಯಿಗಿಡಲಾಗದಷ್ಟು ಉಪ್ಪು. ಅದರ ಮುಂದಿನ ವಾರ ಉಂಡೆಗಳೊಳಗೆ ಕಲ್ಲು... ಅವಸರವನ್ನೇ ಕಾಣದ ಹೆಂಗಸು! ಒಂದು ದಿನ ಗೋಡೆಯಾಚೆ ದೊಪ್ಪನೆ ಸದ್ದಾಯಿತು. ಓಡಿಹೋಗಿ ಕೇಳಿದರೆ "ಕುರ್ಚಿ ಬಿತ್ತು" ಎಂದು ಬಾಗಿಲು ಹಾಕಿಕೊಂಡರು. ಮಣಿಕಟ್ಟು ಕಪ್ಪುಗಟ್ಟಿದ್ದು ನನಗೆ ಕಂಡಿತ್ತು.

"ಯಾಕೋ ಸರಿ ಕಾಣ್ತಿಲ್ಲ ಕಣ್ರೀ" ಎಂದು ಗಂಡನಿಗೆ ಹೇಳಿದೆ.

"ವಯಸ್ಸಾಯ್ತಲ್ಲ, ಬಿಡೇ. ದಿನಾ ರೇಡಿಯೋ ಕೇಳಿಸ್ತಾ ಇದ್ಯಲ್ಲ, ಚೆನ್ನಾಗೇ ಇದ್ದಾರೆ."

ನಾನೂ ಅದನ್ನೇ ನಂಬಿಕೊಂಡೆ.

ಒಂದು ಬುಧವಾರ ಆಂಟಿಯೇ ನಮ್ಮ ಬಾಗಿಲಿಗೆ ಬಂದರು. ಗೋಡೆ ಹಿಡಿದು ನಿಂತಿದ್ದರು. "ನನ್ನ ಪಾತ್ರೆ ಬೇಕಿತ್ತು. ನಾಳೆ ಸೂಪಿನ ದಿನ."

ಪಾತ್ರೆ ನನ್ನ ಬೆನ್ನ ಹಿಂದೆ ತೊಳೆದು ಬೋರಲು ಹಾಕಿತ್ತು. ಹಿಂದಿನ ಸಲ ಸಕ್ಕರೆ ಹಾಕಿ ಸಾಗಹಾಕಿದ್ದೆ. ಈ ಸಲ ಕೇಸರಿಬಾತು ಮಾಡಿಯೇ ಕೊಡಬೇಕೆಂದಿತ್ತು.

"ನಾಳೆ ನಾನೇ ತರ್ತೀನಿ ಆಂಟಿ."

"ಖಾಲಿಯೇ ಕೊಡು."

"ಅಯ್ಯೋ, ಹಾಗೆಲ್ಲ ಕೊಡಬಾರದು!" ಎಂದು ನಕ್ಕೆ. ಅವರು ನಗಲಿಲ್ಲ.

ಗುರುವಾರ ಆಫೀಸಿನಲ್ಲಿ ತಲೆ ಎತ್ತಲಾಗಲಿಲ್ಲ. ಶುಕ್ರವಾರವೂ ಹಾಗೇ ಆಯಿತು. ಸೂಪು ಬರಲಿಲ್ಲ. ಪಾತ್ರೆ ನನ್ನಲ್ಲೇ ಇದೆಯಲ್ಲ, ಹೇಗೆ ಬಂದೀತು ಎಂದುಕೊಂಡೆ. ಗೋಡೆಯಾಚೆ ರೇಡಿಯೋ ಮಾತಾಡುತ್ತಲೇ ಇತ್ತು.

ಶನಿವಾರ ಬೆಳಿಗ್ಗೆ ಕೇಸರಿಬಾತು ತುಂಬಿಸಿಕೊಂಡು ಹೋದೆ. ಎಷ್ಟು ತಟ್ಟಿದರೂ ಬಾಗಿಲು ತೆರೆಯಲಿಲ್ಲ. ಹಿತ್ತಲ ಕಡೆಯಿಂದ ಒಳಗೆ ಹೋದೆ. ಸ್ಟೂಲು ಉರುಳಿತ್ತು. ಮೇಲಿನ ಶೆಲ್ಫಿನಿಂದ ಇಳಿಸಲು ಹೋದ ಕಬ್ಬಿಣದ ದೊಡ್ಡ ಪಾತ್ರೆ ನೆಲದ ಮೇಲಿತ್ತು. ಅದರ ಪಕ್ಕದಲ್ಲಿ ಆಂಟಿ. ಕಟ್ಟೆಯ ಮೇಲೆ ಕಲಸಿಟ್ಟ ರವೆ ಒಣಗಿ ಬಿರುಕು ಬಿಟ್ಟಿತ್ತು.

ಉಸಿರಿತ್ತು. ಕೊನೆಯ ಸಲ ನೋಡಿದ್ದು ಯಾವಾಗ ಎಂದು ಆಂಬ್ಯುಲೆನ್ಸಿನವರು ಕೇಳಿದರು. ಬುಧವಾರ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು... ಆಂಟಿ ಆಸ್ಪತ್ರೆಯಿಂದ ಮರಳಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇವತ್ತಲ್ಲ ನಾಳೆ ಬೀಳುತ್ತಿದ್ದರು ಎಂದು ಗಂಡ ಎಷ್ಟೋ ಸಲ ಸಮಾಧಾನ ಹೇಳಿದರು. ಇರಬಹುದು. ಆದರೆ ಅವತ್ತು ಅವರನ್ನು ಸ್ಟೂಲು ಹತ್ತಿಸಿದ್ದು ನಾನು.

ಜಾಯಿಕಾಯಿ ಕೆಳಗಿಟ್ಟು ಮಗಳನ್ನು ಕರೆದೆ. ಎದುರು ಮನೆಯವರ ಸ್ಟೀಲ್ ಡಬ್ಬಿ ಆಗಷ್ಟೇ ತೊಳೆದಿಟ್ಟಿದ್ದೆ, ಕೊಟ್ಟು ಬಾ ಎಂದೆ.

"ಮಮ್, ಇಟ್ಸ್ ಎಂಪ್ಟಿ! ಹೋಳಿಗೆ ಆಗೋವರೆಗೂ ವೇಟ್ ಮಾಡೋಣ?"

"ಬೇಡ. ಈಗ್ಲೇ ಕೊಟ್ಟು ಬಾ."

ಬರಿ ಡಬ್ಬಿ ಕೊಡುವವಳು ಎಂದು ಈ ಬೀದಿಯ ನಮ್ಮವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನೀಲಿ ಪಾತ್ರೆ ನನ್ನಲ್ಲೇ ಉಳಿಯಿತು. ಕೈಗೆ ಸಿಗುವ ಹಾಗೆ ಕೆಳಗಿನ ಶೆಲ್ಫಿನಲ್ಲಿಟ್ಟಿದ್ದೇನೆ, ಖಾಲಿ. ಕೇಳಿಕೊಂಡು ಯಾರೂ ಬರುವುದಿಲ್ಲ.