ಗರಿ ಉದುರುವ ದಿನಗಳಲ್ಲಿ ಟೈಲರಕ್ಕ

ಟೈಲರಕ್ಕನ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಹೊಲಿಗೆ ಮೆಷಿನ್ನಿನ ಸೂಜಿ ಅದರೊಳಗೆ ಇಳಿದಿತ್ತಂತೆ. ಆ ಬೆರಳಿನಿಂದಲೇ ಅವರು ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಗಿಳಿಗೆ ಕೊಡುತ್ತಿದ್ದರು.

ಪಂಜ ಎಂಬ ಊರಿನಲ್ಲಿ ನಮ್ಮ ಮನೆಗೆ ತಾಗಿಕೊಂಡೇ ಅವರ ಅಂಗಡಿ. ಒಬ್ಬರೇ ಇದ್ದ ಹೆಂಗಸು. ರೆಕ್ಕೆ ಮುರಿದು ಅಂಗಳಕ್ಕೆ ಬಿದ್ದ ಗಿಳಿಯನ್ನು ಸಾಕಿಕೊಂಡಿದ್ದರು. ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ, ಚೌತಿ ಕಳೆದ ಮೇಲೆ, ಅದರ ಗರಿ ಉದುರತೊಡಗಿತು. ಕತ್ತು ಬೋಳಾಯಿತು, ಕೂಗು ನಿಂತಿತು.

ನನ್ನ ತಲೆಯೂ ಆಗ ಬೋಳು. ಟೈಫಾಯಿಡ್ ಬಂದು ಹೋದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರಿತ್ತು. ಹತ್ತೊಂಬತ್ತರ ಹುಡುಗಿ ನಾನು, ತಲೆಗೆ ಬಟ್ಟೆ ಸುತ್ತಿಕೊಂಡು ಒಳಕೋಣೆ ಸೇರಿದ್ದೆ. ಪುತ್ತೂರಿನ ಶಿಕ್ಷಕರ ತರಬೇತಿಗೆ ಇನ್ನು ಹೋಗುವುದಿಲ್ಲವೆಂದು ಅಪ್ಪನಿಗೆ ಹೇಳಿಯೂ ಆಗಿತ್ತು.

ಒಂದು ಬೆಳಿಗ್ಗೆ ಟೈಲರಕ್ಕ ಕಿಟಕಿಯ ಹತ್ತಿರ ಬಂದು, “ನವರಾತ್ರಿಗೆ ಕೊಡ್ಲಿಕ್ಕೆ ರವಿಕೆ ತುಂಬ ಉಂಟು. ಗಿಳಿಗೆ ತಿನ್ನಿಸ್ಲಿಕ್ಕೆ ನೀನು ಬಾ ಮಾರಾಯ್ತಿ” ಎಂದರು.

ಹೋದೆ. ತಟ್ಟೆಯಲ್ಲಿ ಮೊಳಕೆ ಬಂದ ಹೆಸರುಕಾಳು, ಪಪ್ಪಾಯಿ, ಮೊಟ್ಟೆಯ ಹಳದಿ. ಗಿಳಿ ಮುಖ ತಿರುಗಿಸಿತು. ನಾನು ಕೊಕ್ಕಿಗೆ ಒತ್ತಲು ಹೋದಾಗ ಟೈಲರಕ್ಕ ತಡೆದರು.

“ಒತ್ತಾಯ ಮಾಡ್ಬೇಡ. ಹೊಸ ಗರಿ ಬರುವಾಗ ಮೈಯೆಲ್ಲ ನೋಯ್ತದೆ ಅದಕ್ಕೆ. ಕಾಳು ಅಂಗೈಯಲ್ಲಿ ಹಿಡ್ಕೊಂಡು ಕೂತ್ಕೊ, ಸಾಕು.”

ಮೂರನೆಯ ದಿನ ಗಿಳಿ ತಾನಾಗಿ ಬಂದು ನನ್ನ ಅಂಗೈಯಿಂದ ಒಂದು ಕಾಳು ತೆಗೆದುಕೊಂಡಿತು. ಟೈಲರಕ್ಕ ದಿನವೂ ಎರಡು ಮೊಟ್ಟೆ ಬೇಯಿಸುತ್ತಿದ್ದರು. ಎರಡನೆಯದು ನನಗೆಂದು ತಿಳಿಯಲು ನನಗೆ ವಾರ ಬೇಕಾಯಿತು.

ರವಿಕೆ ಒಯ್ಯಲು ಬಂದ ಹೆಂಗಸೊಬ್ಬರು ಒಮ್ಮೆ ನನ್ನನ್ನು ನೋಡಿ, “ಎಂತ ಅವಸ್ಥೆ ಇದು. ಇನ್ನು ಇವಳ ಮದುವೆ ಹೇಗೆ ಆಗುದು?” ಎಂದರು. ಟೈಲರಕ್ಕ ಬಾಯಿಯಲ್ಲಿದ್ದ ಪಿನ್ನು ತೆಗೆದರು. “ಅವಳು ಬದುಕಿ ಬಂದವಳು. ಮೊದಲು ಟೀಚರ್ ಆಗ್ತಾಳೆ. ನೀವು ತೋಳಿನ ಅಳತೆ ಹೇಳಿ.”

ಅಂದು ಮಧ್ಯಾಹ್ನ ಸೆಕೆಗೆ ತಲೆಯ ಬಟ್ಟೆ ತೆಗೆದಿಟ್ಟೆ. ಅವರು ನೋಡಿದರು, ಮತ್ತೆ ಮೆಷಿನ್ ತುಳಿದರು.

ದೀಪಾವಳಿ ಹೊತ್ತಿಗೆ ಗಿಳಿಯ ಕತ್ತಿನಲ್ಲಿ ಎಳೆ ಹಸಿರು ಕಾಣಿಸಿತು. ನನ್ನದು ಇನ್ನೂ ಬೆರಳ ಗೆಣ್ಣಷ್ಟೇ ಉದ್ದದ ಕೂದಲು. ಹಾಗೆಯೇ ಪುತ್ತೂರಿಗೆ ಹೊರಟೆ. ಅಂಗಡಿಗೆ ಬಾಗಿಲು ಹಾಕಿ ಅವರೂ ಬಂದು ಬಸ್ಸು ಹತ್ತಿಸಿದರು.

ಕೆಲವು ವರ್ಷಗಳ ನಂತರ ಅವರು ತೀರಿಹೋದ ಸುದ್ದಿ ಹೊತ್ತ ಕಾರ್ಡು ಬಂದಾಗ ನಾನು ಕಡಬದ ಕಡೆಯ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೆ. ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಕುಳಿತು ಕಾರ್ಡನ್ನು ಇನ್ನೊಮ್ಮೆ ಓದಿದೆ. ಮತ್ತೆ ಎದ್ದು ಉಳಿದ ಪಾಠ ಮುಗಿಸಿದೆ. ಅವರು ನನ್ನನ್ನು ಬಸ್ಸು ಹತ್ತಿಸಿದ್ದು ಅದಕ್ಕೇ.