ಹಿಂದಿನ ಗೇಟಿನ ಹೆಂಗಸು

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಹೂಂ ಹೂಂ ಅಂದು, ಚಹಾ ಮಾಡುವ ನೆಪದಲ್ಲಿ ಒಳಗೆ ಎದ್ದು ಹೋಗುತ್ತಿದ್ದೆ. ಕಲಬುರಗಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ದೆವ್ವದ ಕತೆ ಹೇಳಿ ಬೇರೆಯವರನ್ನು ಹೆದರಿಸಿದ ಹುಡುಗಿಯರನ್ನು ಅಲ್ಲಿ ಸಿಸ್ಟರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮದುವೆಯಾದ ಮೇಲೆ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸುವಾಗ ಸುಮ್ಮನೆ ನಿಂತಿರುತ್ತಿದ್ದೆ. ಅದು ಅವರ ಮೇಲಿನ ಮರ್ಯಾದೆಗೆ, ನಂಬಿಕೆಗಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಡುವೆ ನನ್ನ ಸಿಟ್ಟು ಕಂಡರೆ ಓದುವವರು ಸಹಿಸಿಕೊಳ್ಳಬೇಕು. ಆ ಸಿಟ್ಟು ದೆವ್ವ ಭೂತಗಳ ಮೇಲಿನದಲ್ಲ.

ಆಗ ನಾವು ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಬಾಡಿಗೆಗಿದ್ದೆವು. ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಸಿಡಿಸಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮವರು ಅಂಥದೊಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದರು. ಹನ್ನೆರಡು ಕಿಲೋಮೀಟರು ದಾರಿಗೆ ಕಾರಿನಲ್ಲಿ ಒಂದೂವರೆ ತಾಸು ಹಿಡಿಯುತ್ತಿತ್ತು. ಮನೆಗೆ ಬಂದಾಗ ಅವರ ಮುಖದಲ್ಲಿ ಕಳೆಯೇ ಉಳಿದಿರುತ್ತಿರಲಿಲ್ಲ. ಒಂದು ಭಾನುವಾರ ಹೋಗಿ ಸೈಕಲ್ ತಂದರು, ಕಡುನೀಲಿ ಬಣ್ಣದ್ದು. ಹದಿನೈದು ದಿನದಲ್ಲಿ ಮನುಷ್ಯ ಬದಲಾದರು. ಬೆವರಿಳಿಸಿಕೊಂಡು ಏಳು ಗಂಟೆಗೆ ಮನೆಗೆ ಬಂದು, ಮಗಳ ಹೋಮ್‌ವರ್ಕ್ ನೋಡುತ್ತ ಸಿಳ್ಳೆ ಹಾಕುತ್ತಿದ್ದರು. ಅವರು ಸಿಳ್ಳೆ ಹಾಕುತ್ತಾರೆಂದು ಮದುವೆಯಾಗಿ ಒಂಬತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ.

ಆದರೆ ಜನಕ್ಕೆ ಇದು ಸಹನೆಯಾಗಲಿಲ್ಲ. ಕಾರು ಮನೆ ಮುಂದೆ ಕವರು ಹೊದ್ದು ನಿಂತಿದ್ದರೂ ಎದುರುಮನೆಯಾಕೆ ತರಕಾರಿ ಗಾಡಿಯ ಹತ್ತಿರ ನನ್ನ ಕೈ ಹಿಡಿದು, ನೌಕರಿಗೆ ಏನಾದರೂ ತೊಂದರೆಯಾಗಿದೆಯೇ ಎಂದು ದನಿ ತಗ್ಗಿಸಿ ಕೇಳಿದರು. ಆಫೀಸಿನಲ್ಲಂತೂ ಇನ್ನೂ ಚಂದ. ವಿದೇಶದ ಗಿರಾಕಿಗಳು ಬಂದು ಹೋಗುವ ಮುಂದಿನ ಗೇಟಿನಲ್ಲಿ ಸೈಕಲ್ ಕಾಣಬಾರದು ಎಂದು ಸಾಹೇಬರೊಬ್ಬರು ನಯವಾಗಿ ಹೇಳಿದರಂತೆ. ಕಸ ಗುಡಿಸುವವರು, ಕ್ಯಾಂಟೀನಿನವರು ಬರುವ ಹಿಂದಿನ ಗೇಟಿನಿಂದ ಬಂದು ಜನರೇಟರಿನ ಮಗ್ಗುಲಲ್ಲಿ ನಿಲ್ಲಿಸಬೇಕು. ನಮ್ಮವರು ನಕ್ಕು ಒಪ್ಪಿಕೊಂಡರು. ನನಗೆ ಮಾತ್ರ ಅವತ್ತು ರಾತ್ರಿ ಅನ್ನ ಸೇರಲಿಲ್ಲ. ಇಂಜಿನಿಯರಿಂಗ್ ಓದಿದ ಮನುಷ್ಯ ಎರಡು ಗಾಲಿ ಬಿಟ್ಟುಕೊಟ್ಟ ಕೂಡಲೇ ಗೇಟು ಬದಲಾಗುವುದು ಯಾವ ನ್ಯಾಯ? ಹಿಂದಿನ ಗೇಟಿನಿಂದ ಬರುವವರೆಲ್ಲ ಮನುಷ್ಯರಲ್ಲವೇ ಎಂಬ ಪ್ರಶ್ನೆ ಮಾತ್ರ ಅಂದು ನನಗೆ ಹೊಳೆಯಲಿಲ್ಲ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅದು ನವೆಂಬರು. ಆರು ಗಂಟೆಗೇ ಕತ್ತಲಾಗುತ್ತಿತ್ತು. ಅಂದು ಏಳಾಯಿತು, ಏಳೂಕಾಲಾಯಿತು, ಅವರು ಬರಲಿಲ್ಲ. ಮೊಬೈಲು ಹತ್ತುತ್ತಿರಲಿಲ್ಲ. ಆಫೀಸಿನ ಮೇಜಿನ ಫೋನು ಬಡಿದುಕೊಂಡು ಸುಮ್ಮನಾಯಿತು. ಏಳೂವರೆಗೆ ಮಗಳ ಕೈ ಹಿಡಿದುಕೊಂಡು ಕೆಳಗಿನ ಮನೆಯ ಕುಲಕರ್ಣಿ ಕಾಕಾರ ಬಾಗಿಲು ಬಡಿದೆ. ಬೀದರಿನವರು, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಮೂವತ್ತು ವರ್ಷ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋದವರಾದ್ದರಿಂದ, ನಮ್ಮವರ ಸೈಕಲ್ ಕಂಡು ನಗದ ಒಬ್ಬರೇ ಮನುಷ್ಯರು.

"ಪಂಕ್ಚರ್ ಆಗಿರಬೇಕು ತಗೊ. ದೂಡಕೋತ ಬರಾಕತ್ತಿರತಾನ" ಅಂದರು. ಅಂದವರೇ ನನ್ನ ಮುಖ ನೋಡಿ, ಮಗಳನ್ನು ತಮ್ಮ ಹೆಂಡತಿ ಕಾಕು ಹತ್ತಿರ ಬಿಡಿಸಿ, ತಮ್ಮ ಹಳೆಯ ಓಮ್ನಿಯ ಕೀಲಿಕೈ ತೆಗೆದುಕೊಂಡರು.

ನಮ್ಮವರು ದೊಡ್ಡ ರಸ್ತೆಯಿಂದಲೇ ಬರುತ್ತೇನೆ, ಅಲ್ಲಿ ದೀಪವಿದೆ ಎಂದು ನನಗೆ ಹೇಳಿದ್ದರು. ಆ ರಸ್ತೆಯ ಎಡಬಲ ನೋಡುತ್ತಲೇ ಹೋದೆವು. ಎದುರಿನಿಂದ ಊರಿಗೆ ಮರಳುವ ಬದಿಯ ತುಂಬ ಕಾರು, ನಮ್ಮ ಬದಿ ಖಾಲಿ. ಒಂದೊಂದರಲ್ಲಿ ಒಬ್ಬೊಬ್ಬರೇ. ಸೈಕಲ್ ಒಂದೂ ಕಾಣಲಿಲ್ಲ. ಎಂಟು ಗಂಟೆ ದಾಟುವಾಗ ಆಫೀಸಿನ ಮುಂದಿನ ಗೇಟು ತಲುಪಿದೆವು.

ಗೇಟಿನಲ್ಲಿದ್ದವನು ಇಸ್ತ್ರಿ ಗೆರೆ ಮುರಿಯದ ಸಮವಸ್ತ್ರದವನು. ಹೆಸರು ಹೇಳಿದೆ. ಕಾರಿನ ನಂಬರು ಕೇಳಿದ. ಕಾರಿನಲ್ಲಿ ಬರುವುದಿಲ್ಲ ಎಂದರೂ ಬಿಡಲಿಲ್ಲ. ನಂಬರು ಕೊಟ್ಟೆ. ಕಂಪ್ಯೂಟರ್ ನೋಡಿ ಹೇಳಿದ:

"ಗಾಡಿ ಆಜ್ ನಹೀಂ ಆಯಾ ಮೇಡಮ್. ಗಾಡಿ ನಹೀಂ ಆಯಾ ತೋ ಸಾರ್ ಭೀ ನಹೀಂ ಆಯೇ."

ಗಾಡಿ ಬಂದಿಲ್ಲ, ಆದ್ದರಿಂದ ಸಾಹೇಬರೂ ಬಂದಿಲ್ಲ. ಬೆಳಿಗ್ಗೆ ನಾನೇ ಡಬ್ಬಿ ಕಟ್ಟಿ ಕಳಿಸಿದ್ದೇನೆ, ಸೈಕಲ್ಲಿನಲ್ಲಿ ಬಂದಿದ್ದಾರೆ ಎಂದೆ. ಸೈಕಲ್ಲಿನವರ ಲೆಕ್ಕ ಇಲ್ಲಿ ಇಡುವುದಿಲ್ಲ, ಅದು ಹಿಂದಿನ ಗೇಟು, ಆರಕ್ಕೇ ಮುಚ್ಚುತ್ತದೆ ಎಂದ. ಮೇಲಿನ ಮಹಡಿಗೆ ಫೋನು ಮಾಡಿ ಕೇಳಪ್ಪ ಎಂದು ಕಾಕಾ ಬೇಡಿಕೊಂಡರು. ಅಷ್ಟರಲ್ಲಿ ನಮ್ಮ ಓಮ್ನಿಯ ಹಿಂದೆ ಕಾರೊಂದು ಬಂದು ಹಾರ್ನ್ ಹೊಡೆಯಿತು. ಅವನು ನಮ್ಮನ್ನು ಬಿಟ್ಟು ಅದಕ್ಕೆ ಸಲಾಮು ಹೊಡೆಯಲು ಓಡಿದ. ನಾನು ಜೋರಾಗಿ ಮಾತಾಡುವವಳಲ್ಲ. ಅವತ್ತು ಕೂಡ ಆಡಲಿಲ್ಲ. ಅದಕ್ಕಾಗಿ ಇಂದಿಗೂ ನನ್ನ ಮೇಲೆಯೇ ನನಗೆ ಸಿಟ್ಟಿದೆ.

ಕಾಕಾ ಗಾಡಿಯನ್ನು ಕಟ್ಟಡದ ಹಿಂದಕ್ಕೆ ತಂದರು. ನಾನೊಬ್ಬಳೇ ಇಳಿದೆ. ಗೇಟಿಗೆ ಬೀಗ ಬಿದ್ದಿತ್ತು. ಜನರೇಟರಿನ ಮಗ್ಗುಲು ಖಾಲಿ. ಸೈಕಲ್ ಇಲ್ಲ, ಅಂದರೆ ಹೊರಟಿದ್ದಾರೆ. ಅಷ್ಟು ತಿಳಿದುಕೊಂಡು ತಿರುಗಿದಾಗ ಕಂಪೌಂಡಿನ ಗೋಡೆಗೆ ಒರಗಿ ಒಬ್ಬ ಹೆಂಗಸು ನಿಂತಿದ್ದು ಕಂಡಿತು. ನಲವತ್ತರ ಆಸುಪಾಸು. ಸೀರೆಯ ಮೇಲೆ ಗಂಡಸರ ಶರ್ಟು ತೊಟ್ಟಿದ್ದಳು. ತಲೆಗೆ ಸುತ್ತಿದ ಟವೆಲ್ಲಿನ ಸಿಂಬಿ. ಮೊಣಕೈವರೆಗೂ ಒಣಗಿದ ಸಿಮೆಂಟು, ಬೂದು ಬಣ್ಣದ ಕೈಗವಸಿನ ಹಾಗೆ. ಇಷ್ಟನ್ನೂ ನಾನು ಕಂಡೆ. ರಸ್ತೆಯ ದೀಪ ಅವಳ ಮೇಲೆಯೇ ಬೀಳುತ್ತಿತ್ತು.

ನಾನು ಏನೂ ಕೇಳಿರಲಿಲ್ಲ. ಅವಳೇ ಶುರು ಮಾಡಿದಳು.

"ಸೈಕಲ್ಲಿನ ಸಾಹೇಬ್ರನ್ನ ಹುಡುಕಾಕತ್ತೀರೇನ್ರಿ ಅವ್ವಾರ? ದೊಡ್ಡ ರಸ್ತಾಕ್ಕ ಹೋಗಬ್ಯಾಡ್ರಿ. ಕೆರಿ ಹಿಂದಿನ ರಸ್ತಾ ಹಿಡೀರಿ. ದೊಡ್ಡ ಗುಂಡುಗಲ್ಲು ದಾಟಿದ ಮ್ಯಾಲ ಇಳಕಲ ಐತಿ, ಅಲ್ಲಿ ಬಿದ್ದಾರ."

ಅವಳು ಗೋಡೆಗೆ ಆನಿಸಿಟ್ಟ ಸೆಂಟ್ರಿಂಗ್ ಹಲಗೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ತೊಡಿ ಎಲುಬು ಮುರದೈತಿ. ಕಾಲು ಹಿಡದು ಎತ್ತಬ್ಯಾಡ್ರಿ. ಆ ಹಲಗಿ ತಗೊಂಡು ಹೋಗ್ರಿ, ಅದರ ಮ್ಯಾಲ ಸರಿಸಿ ತರ್ರಿ. ನೀರು ಬೇಡತಾರ, ಕುಡಿಸಬ್ಯಾಡ್ರಿ, ಬರೇ ತುಟಿ ಒದ್ದಿ ಮಾಡ್ರಿ. ನಡೀರಿ, ಭಾಳ ಹೊತ್ತಾತು."

ನಾನು ಹಲಗೆ ಎಳೆದುಕೊಂಡು ಓಮ್ನಿಯ ಕಡೆ ಓಡಿದೆ. ಕಾಕಾ ಹಿಂದಿನ ಬಾಗಿಲು ತೆರೆದರು. ಅವರು ಒಂದು ಮಾತೂ ಕೇಳಲಿಲ್ಲ. ಕೆರೆಯ ಹಿಂದಿನ ರಸ್ತೆ ಎಂದೆ. ಆ ದಾರಿ ಅವರಿಗೆ ಗೊತ್ತಿತ್ತು, ತಿರುಗಿಸಿದರು.

ಆ ರಸ್ತೆಯಲ್ಲಿ ದೀಪವಿರಲಿಲ್ಲ. ಜಲ್ಲಿ ತುಂಬಿದ ಟಿಪ್ಪರ್ ಲಾರಿಗಳು, ಅವುಗಳ ನಡುವೆ ಅಡ್ಡದಾರಿ ಹಿಡಿದ ಕಾರುಗಳು. ದೊಡ್ಡ ಗುಂಡುಗಲ್ಲು ದಾಟಿತು, ಇಳಿಜಾರು ಬಂತು. ನಮ್ಮ ಬೆಳಕಿಗೆ ಮೊದಲು ಕಂಡದ್ದು ಕಲ್ಲುಗಳು. ರಸ್ತೆ ಕೆಲಸದವರು ತಾವು ಕೆಲಸ ಮಾಡುವ ಜಾಗದ ಸುತ್ತ, ಗಾಡಿಗಳು ಸುತ್ತಿಕೊಂಡು ಹೋಗಲಿ ಎಂದು ಕಲ್ಲು ಇಡುತ್ತಾರಲ್ಲ, ಹಾಗೆ ಅರ್ಧಚಂದ್ರಾಕಾರವಾಗಿ ಇಟ್ಟ ಕಲ್ಲುಗಳು. ಒಳಗೆ, ಚೆಲ್ಲಿದ ಜಲ್ಲಿಯ ಮೇಲೆ, ನಮ್ಮವರು. ಸೈಕಲ್ ಆಚೆ ಬಿದ್ದಿತ್ತು. ಅದರ ಮುಂದಿನ ಗಾಲಿ ಸೊಟ್ಟಗಾಗಿತ್ತು.

ಅವರಿಗೆ ಎಚ್ಚರ ಬಂದು ಹೋಗುತ್ತಿತ್ತು. ನನ್ನನ್ನು ನೋಡಿ ನೀರು ಕೇಳಿದರು. ಸೆರಗು ಒದ್ದೆ ಮಾಡಿ ತುಟಿ ಒರೆಸಿದೆ. ಕಾಕಾ ಬೆಳಕು ಹಿಡಿದು ರಸ್ತೆ ನಡುವೆ ನಿಂತು ಕೈ ಬೀಸಿದರು. ಒಂದಲ್ಲ ಎರಡಲ್ಲ, ಕಾರುಗಳು ಕಲ್ಲಿನ ಸುತ್ತ ಅಚ್ಚುಕಟ್ಟಾಗಿ ತಿರುಗಿಕೊಂಡು ಹೋದವು. ಕಡೆಗೆ ನಿಂತದ್ದು ಟಿಪ್ಪರಿನ ಡ್ರೈವರು. ಅವನೂ ಕಾಕಾರೂ ಸೇರಿ ನಮ್ಮವರನ್ನು ಹಲಗೆಗೆ ಸರಿಸಿ ಓಮ್ನಿಗೆ ಏರಿಸಿದರು. ಆಸ್ಪತ್ರೆಗೆ ಒಯ್ದೆವು. ತೊಡೆಯ ಮೂಳೆ ಮುರಿದಿತ್ತು, ಮೇಲೆ ಗಾಯವೇ ಇರಲಿಲ್ಲ. ಒಳಗೇ ರಕ್ತ ಹೋಗಿದೆ, ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದರು ಡಾಕ್ಟರು. ಹಲಗೆಯ ಮೇಲೆ ತಂದಿದ್ದು ಯಾರ ಬುದ್ಧಿ ಎಂದು ಮೆಚ್ಚಿಕೊಂಡು ಕೇಳಿದರು.

ಜಲ್ಲಿಯ ಮೇಲೆ ಗಾಲಿ ಜಾರಿ ಅವರು ಬಿದ್ದದ್ದು ಆರೂಕಾಲಿಗೆ. ಎರಡು ತಾಸು ಆ ರಸ್ತೆಯಲ್ಲಿ ಬಿದ್ದಿದ್ದರು. ನನಗೆ ಹೆದರಿಕೆಯಾಗಬಾರದೆಂದು ದೊಡ್ಡ ರಸ್ತೆ ಎಂದು ಹೇಳಿ, ಮೊದಲ ದಿನದಿಂದಲೂ ಕೆರೆಯ ಹಿಂದೆಯೇ ಹೋಗುತ್ತಿದ್ದರಂತೆ. ಆ ಸುಳ್ಳಿಗೆ ನಾನು ಆಸ್ಪತ್ರೆಯಲ್ಲೇ ಜಗಳವಾಡಿದೆ. ಯಾರಾದರೂ ಹತ್ತಿರ ಬಂದಿದ್ದರೇ ಎಂದು ಕೇಳಿದರೆ, ಯಾರನ್ನೂ ನೋಡಿದ ನೆನಪಿಲ್ಲ, ತಲೆಯ ಹತ್ತಿರ ಒಂದೊಂದಾಗಿ ಕಲ್ಲು ಇಡುವ ಸಪ್ಪಳ ಕೇಳಿತು, ಲಾರಿ ಖಾಲಿ ಮಾಡುತ್ತಿದ್ದಾರೆ ಅಂದುಕೊಂಡೆ ಎಂದರು.

ನಾಲ್ಕು ದಿನದ ಮೇಲೆ ಒಂದು ಸೀರೆ, ಹಣ್ಣು ತೆಗೆದುಕೊಂಡು ಆ ಹೆಂಗಸನ್ನು ನೋಡಲು ಹೊರಟೆ. ಕಾಕಾರನ್ನೂ ಕರೆದೆ.

"ಯಾವ ಹೆಂಗಸ?" ಅಂದರು ಕಾಕಾ.

"ಹಿಂದಿನ ಗೇಟಿನ್ಯಾಗ ನನ್ನ ಕೂಡ ಮಾತಾಡಿದಳಲ್ರಿ ಕಾಕಾ. ಹಲಗಿ ತೋರಿಸಿದಾಕಿ."

ಕಾಕಾ ಕನ್ನಡಕ ತೆಗೆದು ಒರೆಸಿದರು. "ತಂಗಿ, ನೀ ಒಬ್ಬಾಕೀನ ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ದಿ. ಅಳಾಕತ್ತೀ ಅಂತ ನಾ ಕರೀಲಿಲ್ಲ. ಹಲಗಿ ನೀನ ತಂದಿ. ಕಾನ್ವೆಂಟಿನ್ಯಾಗ ಇದನ್ನೆಲ್ಲಾ ಕಲಿಸ್ಯಾರ ಅಂದ್ಕೊಂಡೆ."

ಕಾಕಾರಿಗೆ ಆ ವರ್ಷ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು ಎಂಬುದನ್ನೂ ಬರೆಯಬೇಕು. ಓಮ್ನಿ ಹತ್ತು ಹೆಜ್ಜೆ ದೂರದಲ್ಲಿತ್ತು. ಆದರೂ ಅವರು ಹಲಗೆ ನೋಡಿದ್ದಾರೆ, ನನ್ನನ್ನು ನೋಡಿದ್ದಾರೆ.

ಹಿಂದಿನ ಗೇಟಿನವನು ಅಂಥ ಹೆಂಗಸು ಇಲ್ಲಿ ಯಾರೂ ಇಲ್ಲ ಎಂದ. ಕಟ್ಟಡದ ಕೆಲಸ ಮುಗಿದೇ ಒಂದೂವರೆ ವರ್ಷವಾಗಿದೆ, ಸಿಮೆಂಟಿನ ಕೈ ಎಲ್ಲಿಂದ ಬರಬೇಕು ಎಂದು ನಕ್ಕ. ಪಕ್ಕದ ಜಾಗದಲ್ಲಿ ಪಾಯ ತೋಡಿಸುತ್ತಿದ್ದ ಮೇಸ್ತ್ರಿಯನ್ನು ಕೇಳಿದೆ. ಈ ಕಟ್ಟಡಕ್ಕೂ ಆಳು ಕೊಟ್ಟವನು ಅವನೇ. ರಾಯಚೂರು ಕಡೆಯ ಕನ್ನಡದವರ ಒಂದು ಗುಂಪು ಇತ್ತು, ಈಗ ಊರಿನ ಇನ್ನೊಂದು ತುದಿಗೆ, ಉಪ್ಪಲ್ ಕಡೆ ಹೋಗಿರಬೇಕು ಎಂದ. ಹೆಂಗಸರ ಹೆಸರುಗಳಾದರೂ ಇವೆಯೇ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ನಾಮ್ ಕೌನ್ ಲಿಖ್ತಾ ಅಮ್ಮಾ? ಹೆಸರು ಯಾರು ಬರೀತಾರೆ? ತಲೆ ಎಣಿಸ್ತೀವಿ ಅಷ್ಟೇ. ಸಂಜಿಗೆ ತಲೆ ಎಣಿಸಿ ಕೂಲಿ ಕೊಡ್ತೀವಿ."

ಸೀರೆ, ಹಣ್ಣಿನ ಚೀಲ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ. ಮೈ ಉರಿಯುತ್ತಿತ್ತು. ಗಾಜಿನ ಕಟ್ಟಡ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅಷ್ಟು ಎತ್ತರದ ಗೋಡೆ ಹೊತ್ತವರ ಒಂದು ಹೆಸರು ಇಡೀ ಊರಿನಲ್ಲಿ ಒಬ್ಬರ ಹತ್ತಿರವೂ ಇಲ್ಲ.

ಆ ಮೇಲೆ ಆಫೀಸಿನವರು ಏನು ಮಾಡಿದರು ಗೊತ್ತೇ? ನೌಕರರ ಕ್ಷೇಮಕ್ಕಾಗಿ ಸೈಕಲ್ಲಿನಲ್ಲಿ ಬರುವುದನ್ನು ನಿಲ್ಲಿಸಿ ಎಂದು ಎಲ್ಲರಿಗೂ ಪತ್ರ ಕಳಿಸಿದರು. ಜಲ್ಲಿ ಹಾಗೆಯೇ ಚೆಲ್ಲಿಕೊಂಡಿತ್ತು. ದೀಪ ಬರಲಿಲ್ಲ. ಎಂಟು ತಿಂಗಳ ಮೇಲೆ ನಮ್ಮವರು ಆ ನೌಕರಿ ಬಿಟ್ಟು ಬೇರೆ ಕಡೆ ಸೇರಿದರು. ಅಲ್ಲಿಗೆ ಸೈಕಲ್ಲಿನಲ್ಲೇ ಹೋದರು. ನಾನು ಬೇಡ ಅನ್ನಲಿಲ್ಲ.

ಓದಿದವರು ಇದಕ್ಕೆ ಬೇಕಾದಷ್ಟು ಕಾರಣ ಹೇಳುತ್ತಾರೆ. ಗಾಬರಿಯಲ್ಲಿ ನಿನ್ನ ಮನಸ್ಸೇ ಹುಟ್ಟಿಸಿದ್ದು ಎನ್ನುತ್ತಾರೆ. ನನಗೆ ಗೊತ್ತೇ ಇರದ ರಸ್ತೆಯನ್ನು ನನ್ನ ಮನಸ್ಸು ಹೇಗೆ ಹುಟ್ಟಿಸಿತು ಎಂದರೆ ಮಾತು ಬದಲಿಸುತ್ತಾರೆ. ನಮ್ಮ ಅತ್ತೆಗೆ ಅನುಮಾನವೇ ಇಲ್ಲ, ಅವರ ಪ್ರಕಾರ ಅವಳು ಮನುಷ್ಯಳಲ್ಲ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಅಂಥ ಹೆಂಗಸು ಇಲ್ಲವೇ ಇಲ್ಲ ಎಂದು ಗೇಟಿನವರು ಹೇಳಿದರು ನಿಜ. ನನ್ನ ಗಂಡ ಅಂದು ಕೆಲಸಕ್ಕೇ ಬಂದಿಲ್ಲ ಎಂದವರೂ ಗೇಟಿನವರೇ. ಅವರ ಇಲ್ಲ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಜೀವಂತ ಹೆಂಗಸೇ ಇರಬಹುದು. ಬಿದ್ದವರನ್ನು ನೋಡಿ, ಕಲ್ಲು ಇಟ್ಟು, ಕಾರುಗಳಿಗೆ ಕೈ ಅಡ್ಡ ಹಿಡಿದು, ಯಾರೂ ನಿಲ್ಲದೆ, ಕಡೆಗೆ ನಡೆದುಕೊಂಡು ಬಂದಿರಬಹುದು. ಹಾಗಾದರೆ ನಾನು ಅವರ ಹೆಂಡತಿ ಎಂದು, ಕನ್ನಡದವಳು ಎಂದು ಅವಳಿಗೆ ಯಾರು ಹೇಳಿದರು? ಮೈಯೊಳಗಿನ ಎಲುಬು ಮುರಿದದ್ದು ಹೇಗೆ ಕಂಡಿತು? ಕಾಕಾರ ಕಣ್ಣಿಗೆ ಯಾಕೆ ಬೀಳಲಿಲ್ಲ? ಇಲ್ಲಿಗೆ ಬಂದು ನಾನು ನಿಂತುಬಿಡುತ್ತೇನೆ. ಇಷ್ಟು ವರ್ಷವಾದರೂ ಮುಂದೆ ದಾರಿ ಸಿಕ್ಕಿಲ್ಲ.

ಒಂದು ಮಾತು ಮಾತ್ರ ಉಳಿದಿದೆ. ಹೆಸರು ಬರೆಯದ ಮೇಸ್ತ್ರಿಯ ಮೇಲೆ, ಕಾರಿನ ನಂಬರು ಕೇಳಿದ ಗೇಟಿನವನ ಮೇಲೆ ಇಂದಿಗೂ ಸಿಟ್ಟಾಗುವ ನಾನು, ಅವಳ ಎದುರು ಅಷ್ಟು ಹೊತ್ತು ನಿಂತಿದ್ದೆ. ಶರ್ಟಿನ ಗುಂಡಿ ಕಂಡೆ, ಕೈಯ ಸಿಮೆಂಟು ಕಂಡೆ, ಹಲಗೆ ಕೈಗೆ ಸಿಕ್ಕ ಕೂಡಲೇ ಬೆನ್ನು ತಿರುಗಿಸಿ ಓಡಿದೆ. ಅವಳ ಹೆಸರು ನಾನೂ ಕೇಳಲಿಲ್ಲ.