ಹೇಂಟೆಯ ಹಿಂದೆ ಬಂದ ಗಿನಿ ಕೋಳಿಗಳು

ನಮ್ಮ ಹಸುಗಳಿಗೆ ಉಣ್ಣೆ ಹುಳುವಿನ ಕಾಟ ಹತ್ತಿದ ವರ್ಷವೇ ಗಿನಿ ಕೋಳಿ ಸಾಕಬೇಕೆಂದು ನಾನು ತೀರ್ಮಾನಿಸಿದೆ. ಹುಣಸೂರು ತಾಲ್ಲೂಕಿನ ಗುರುಪುರದ ಆಚೆ, ಕಾಡಿನ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಹೊಲ, ಹೊಲದೊಳಗೇ ಮನೆ. ಕಾಡಂಚಿನ ಹುಲ್ಲು ಮೇಯ್ದು ಬಂದ ಹಸುವಿನ ಕಿವಿಯೊಳಗೆ, ಬಾಲದ ಬುಡದಲ್ಲಿ ಉಣ್ಣೆಗಳು ಹರಳು ಬೀಜದಂತೆ ಊದಿಕೊಂಡು ಕೂತಿರುತ್ತಿದ್ದವು. ಸಂಜೆ ಹಾಲು ಕರೆಯುವ ಮೊದಲು ಅವನ್ನು ಕಿತ್ತು ಸೀಮೆಎಣ್ಣೆಯ ಡಬ್ಬಕ್ಕೆ ಹಾಕುವುದೇ ನನಗೊಂದು ಕೆಲಸವಾಗಿತ್ತು.

ಹುಣಸೂರಿನ ಸಂತೆಯಲ್ಲಿ ಕೋಳಿ, ಬಾತುಕೋಳಿ ಮಾರುವ ಮುಸ್ಲಿಂ ಕುಟುಂಬವೊಂದಿದೆ. ಆ ಮನೆಯ ಹೆಂಗಸು ನನಗೆ ಬಹಳ ದಿನದ ಪರಿಚಯ. ಅವರ ಪಂಜರದಲ್ಲಿ ಬೂದು ಮೈಮೇಲೆಲ್ಲ ಬಿಳಿ ಚುಕ್ಕೆ ಇಟ್ಟುಕೊಂಡ ಹಕ್ಕಿಗಳನ್ನು ಕಂಡು ವಿಚಾರಿಸಿದೆ.

"ಇವು ಓಡಾಡಿದ ಜಾಗದಲ್ಲಿ ಉಣ್ಣೆ ಉಳಿಯಲ್ಲ ಅಕ್ಕಾ, ಹುಡುಕಿ ಹುಡುಕಿ ತಿಂತವೆ," ಎಂದರು. "ಆದ್ರೆ ಗಲಾಟೆ ಜಾಸ್ತಿ. ಆಮೇಲೆ ನನ್ನ ಬೈಕೋಬೇಡಿ."

"ಗಲಾಟೆ ನಮ್ಮನೇಲಿ ಹೊಸದಲ್ಲ ಬುಡಿ," ಎಂದೆ. ಭತ್ತದ ಹೊಟ್ಟಿನಲ್ಲಿ ಹೂತಿಟ್ಟ ಗಿನಿ ಕೋಳಿ ಮೊಟ್ಟೆಗಳನ್ನು ಬುಟ್ಟಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ನಾಟಿ ಕೋಳಿ ಸಾಕುವುದು ನನಗೆ ತವರಿನಿಂದಲೇ ಬಂದ ವಿದ್ಯೆ. ಕಾವಿಗೆ ಕೂರುವ ಹೇಂಟೆ ಯಾವುದು, ಅರ್ಧಕ್ಕೇ ಎದ್ದು ಹೋಗುವ ಚಂಚಲೆ ಯಾವುದು ಎಂದು ಕೋಳಿಯ ಮುಖ ನೋಡಿ ಹೇಳಬಲ್ಲೆ. ಆಗ ನನ್ನಲ್ಲಿ ಕೆಂದು ಬಣ್ಣದ ಒಂದು ಹೇಂಟೆಯಿತ್ತು. ಕಾವಿಗೆ ಕೂತರೆ ಮಳೆ ಬರಲಿ, ಗುಡುಗಲಿ, ಏಳುವ ಜಾತಿಯಲ್ಲ. ನಾಟಿ ಕೋಳಿಯ ಮೊಟ್ಟೆ ಒಡೆಯಲು ಮೂರು ವಾರ, ಗಿನಿ ಕೋಳಿಯದಕ್ಕೆ ಇನ್ನೊಂದು ವಾರ ಹೆಚ್ಚು ಬೇಕು. ಎರಡನ್ನೂ ಒಟ್ಟಿಗೆ ಇಟ್ಟರೆ ತನ್ನ ಮರಿ ಹೊರಬಂದ ಕೂಡಲೇ ಹೇಂಟೆ ಉಳಿದ ಮೊಟ್ಟೆ ಬಿಟ್ಟು ಹೊರಟುಬಿಡುತ್ತದೆ. ಹಾಗಾಗಿ ಗಿನಿ ಮೊಟ್ಟೆಗಳನ್ನು ಮೊದಲು ಇಟ್ಟು, ವಾರ ಕಳೆದ ಮೇಲೆ ಅದರದೇ ಮೊಟ್ಟೆಗಳನ್ನು ಪಕ್ಕಕ್ಕೆ ಸೇರಿಸಿದೆ.

ನನ್ನ ಅತ್ತೆ ಇದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ಒಂದೇ ಒಲೆ ಮ್ಯಾಲೆ ಅನ್ನಾನೂ ಮುದ್ದೆನೂ ಬೇಯ್ಸಕ್ಕೆ ಒಂಟವ್ಳೆ," ಎಂದು ಗಾಳಿಗೆ ಹೇಳಿದರು.

"ನೋಡ್ತಾ ಇರಿ ಅತ್ತೆ, ಎರಡೂ ಒಟ್ಟಿಗೇ ಬೇಯ್ತವೆ," ಎಂದೆ.

ಎರಡೂ ಒಟ್ಟಿಗೇ ಬೆಂದವು. ಒಂದೇ ಬೆಳಿಗ್ಗೆ ಹೇಂಟೆಯ ರೆಕ್ಕೆಯಡಿಯಿಂದ ಹಳದಿ ಮರಿಗಳೂ, ಅಳಿಲಿನ ಹಾಗೆ ಬೆನ್ನ ಮೇಲೆ ಪಟ್ಟೆಯಿದ್ದ ಗಿನಿ ಮರಿಗಳೂ ಇಣುಕಿದವು. ಅತ್ತೆ ಬಗ್ಗಿ ನೋಡಿ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ನುಣ್ಣಗೆ ಪುಡಿಮಾಡಿದ ನುಚ್ಚಿತ್ತು.

ಗಿನಿ ಮರಿಗಳು ಬಲು ಸೂಕ್ಷ್ಮ. ನೀರಿನ ತಟ್ಟೆಯೊಳಗೇ ಬಿದ್ದು ಸಾಯುತ್ತವೆ, ಅದಕ್ಕೆ ತಟ್ಟೆ ತುಂಬ ಸಣ್ಣ ಕಲ್ಲು ಹಾಕಿದೆ. ಇಬ್ಬನಿಯಲ್ಲಿ ನೆನೆದರೆ ಬದುಕುವುದಿಲ್ಲ, ಅದಕ್ಕೆ ಬಿಸಿಲು ಏರುವವರೆಗೂ ಮಂಕರಿ ಬುಟ್ಟಿಯಡಿ ಮುಚ್ಚಿಡುತ್ತಿದ್ದೆ. ಹಿತ್ತಲಿನಲ್ಲಿ ಗಡಿಗೆಯೊಂದಕ್ಕೆ ಹುಲ್ಲು, ಸಗಣಿ ತುಂಬಿ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ಕಟ್ಟಿರುತ್ತಿತ್ತು. ಅದನ್ನು ಅಂಗಳದಲ್ಲಿ ಕೊಡವಿದರೆ ಹೇಂಟೆ 'ಕೊಕ್ ಕೊಕ್' ಎಂದು ಕರೆಯುವುದು, ಎರಡೂ ಜಾತಿಯ ಮರಿಗಳು ಒಂದರ ಮೇಲೊಂದು ಬಿದ್ದು ಓಡಿ ಬರುವುದು. ಒಂದೆರಡು ಮರಿ ಹೋದವು. ಮಿಕ್ಕವೆಲ್ಲ ಬದುಕಿ ನಿಂತವು.

ಬೆಳೆದಂತೆ ಅವುಗಳ ಬುದ್ಧಿಯೂ ಬೇರೆಯಾಯಿತು. ಹೆಣ್ಣು ಗಿನಿ ಕೋಳಿಗಳು ದಿನವಿಡೀ ಕೂಗುವುದು ಅತ್ತೆಯ ಕಿವಿಗೆ "ಬಂದ್ರಾ? ಬಂದ್ರಾ?" ಎಂದು ಕೇಳಿಸುತ್ತಿತ್ತು. ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವ ಇಂಥ ಮರ್ಯಾದಸ್ಥ ಹಕ್ಕಿ ಬೇರೆ ಇಲ್ಲ ಎಂದು ನಗುತ್ತಿದ್ದರು. ಗಂಡುಗಳು ಮಾತ್ರ ಪುಂಡರು. ಕಾಳು ಹಾಕಿದ ಕಡೆ ನಮ್ಮ ಹುಂಜ ಬಂದರೆ ತಲೆ ಬಗ್ಗಿಸಿ ಗೂಳಿಯ ಹಾಗೆ ನುಗ್ಗುತ್ತಿದ್ದವು. ಮನೆಗೆ ಬಂದ ನೆಂಟರನ್ನೂ ಬಿಡದೆ ಕುಕ್ಕುತ್ತಿದ್ದ ಆ ಹುಂಜ ಹುಲ್ಲಿನ ಮೆದೆಯ ಹಿಂದೆ ಅಡಗಿ ಕೂರತೊಡಗಿತು. ನಾನು ಕಾಳು ಹಾಕುವ ಜಾಗ ಬೇರೆ ಮಾಡಿದೆ. ಅಂಗಳದ ಮುಂದೆ ನಾಟಿ ಕೋಳಿಗೆ, ಕೊಟ್ಟಿಗೆಯ ಹಿಂದೆ ಗಿನಿ ಕೋಳಿಗೆ. ಜಗಳ ಅಲ್ಲಿಗೆ ನಿಂತಿತು. ಕೊಟ್ಟಿಗೆಯ ಸುತ್ತ ಅವು ಕೆದಕಿ ಹೆಕ್ಕಿ ತಿರುಗಾಡತೊಡಗಿದ ಮೇಲೆ ಉಣ್ಣೆ ಎಷ್ಟು ಕಡಿಮೆಯಾಯಿತೆಂದರೆ, ಸೀಮೆಎಣ್ಣೆಯ ಡಬ್ಬವನ್ನು ನಾನು ಎತ್ತಿಟ್ಟೆ.

ಒಂದು ಸಂಜೆ ಗಿನಿ ಕೋಳಿಗಳು ಗೂಡಿಗೆ ಬರಲಿಲ್ಲ. ಎಲ್ಲವೂ ಮನೆ ಪಕ್ಕದ ಹೊಂಗೆ ಮರದ ಮೇಲೆ ಸಾಲಾಗಿ ಕೂತಿದ್ದವು. ಹೇಂಟೆ ಮರದ ಕೆಳಗೆ ನಿಂತು ಕರೆಯಿತು, ಸುತ್ತು ಹಾಕಿತು, ಗೂಡಿನ ಬಾಗಿಲಿಗೆ ಹೋಗಿ ತಿರುಗಿ ಬಂದಿತು. ಮೇಲಿದ್ದವು ಅಲುಗಲಿಲ್ಲ. ಕಡೆಗೆ, ಹುಟ್ಟಿದಾಗಿನಿಂದ ಗೂಡಿನಲ್ಲೇ ಮಲಗಿದ್ದ ಆ ಹೇಂಟೆ ಎತ್ತಿನ ಗಾಡಿಯ ಮೂಕಿಯ ಮೇಲೆ ಹಾರಿ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಕೊಂಬೆಗೆ ಹೇಗೋ ಹತ್ತಿ ಅವುಗಳ ಮಧ್ಯೆ ಜಾಗ ಮಾಡಿಕೊಂಡಿತು.

"ಮಕ್ಳು ಮರ ಅತ್ತುದ್ರೆ ಅವ್ವನೂ ಅತ್ತಬೇಕಲ್ಲವ್ವ," ಎಂದರು ಅತ್ತೆ. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿಯಿತು.

ಮುಸುಕಿನ ಜೋಳ ತೆನೆಗಟ್ಟಿದ ಕಾಲದಲ್ಲಿ ಒಂಟಿ ಆನೆಯೊಂದು ಕಾಡಿಗೆ ಮರಳದೆ ಹಗಲಲ್ಲೇ ಹೊಲಗಳ ನಡುವೆ ನಿಂತುಬಿಟ್ಟಿತು. ಅದನ್ನು ಅಟ್ಟಲು ಬಂದ ಅರಣ್ಯ ಇಲಾಖೆಯವರು ಪಟಾಕಿ ಹೊಡೆದರು, ಜನ ಕೂಗಿದರು. ನಾವು ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡುತ್ತಿದ್ದೆವು. ಆನೆ ನಮ್ಮ ಬೇಲಿಯ ಆಚೆಯೇ ಧೂಳೆಬ್ಬಿಸಿಕೊಂಡು ಹೋಯಿತು. ನಾಟಿ ಕೋಳಿಗಳು ಮೆದೆಯಡಿ ನುಸುಳಿದವು. ಗಿನಿ ಕೋಳಿಗಳು ಒಟ್ಟಿಗೇ ಮೇಲೆದ್ದು, ರಸ್ತೆ ದಾಟಿ, ಹಿಂದೆ ನಿರಾಶ್ರಿತರಾಗಿ ಬಂದ ಟಿಬೆಟಿಯನ್ನರು ನೆಲೆಸಿರುವ ಕ್ಯಾಂಪಿನ ಕಡೆ ಹಾರಿಹೋದವು. ಸಂಜೆಯಾದರೂ ಹೊಂಗೆ ಮರ ಖಾಲಿ. ಹೇಂಟೆಯೊಂದೇ ಕೊಂಬೆಯ ಮೇಲೆ ಕೂತಿತ್ತು.

ಬೆಳಿಗ್ಗೆ ನಾನೂ ನನ್ನ ಗಂಡನೂ ಹುಡುಕಲು ಹೊರಟೆವು. ಕ್ಯಾಂಪಿನ ಅಂಚಿನ ಮನೆಗಳ ಹತ್ತಿರ ಹೋಗುತ್ತಿದ್ದಂತೆ "ಬಂದ್ರಾ? ಬಂದ್ರಾ?" ಕೇಳಿಸಿತು. ಒಂದು ಹೆಂಚಿನ ಮನೆಯ ಮೇಲೆ, ಬಣ್ಣದ ಪ್ರಾರ್ಥನೆಯ ಬಾವುಟಗಳ ಪಕ್ಕದಲ್ಲೇ, ನನ್ನ ಹಕ್ಕಿಗಳೆಲ್ಲ ಕೂತಿದ್ದವು. ಉದ್ದನೆ ನಿಲುವಂಗಿ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಜಪಮಣಿ ಹಿಡಿದು ಅಂಗಳದಲ್ಲಿ ನಿಂತು ಅವನ್ನು ನೋಡುತ್ತಿದ್ದರು.

"ನಿಮ್ದಾ ಇವು?" ಎಂದರು. ಚಿಕ್ಕವರಿದ್ದಾಗಲೇ ಇಲ್ಲಿಗೆ ಬಂದು ಬೆಳೆದವರು, ಅವರ ಕನ್ನಡ ನಮ್ಮದೇ. "ನಿನ್ನೆಯಿಂದ ನನ್ನ ಮನೆ ಮೇಲೆ ಜಗಳ ಆಡ್ತಾ ಅವೆ. ನಾಯಿ ಬೊಗಳಿ ಬೊಗಳಿ ಸುಸ್ತಾಗಿ ಮಲಗೈತೆ. ಪಾಪ, ಹಸಿದಿರ್ತವೆ ಅಂತ ಜೋಳ ಹಾಕ್ದೆ."

ನಾವು ರಾಗಿ ಚೆಲ್ಲಿದೆವು, ಕರೆದೆವು. ಬಂದು ತಿಂದು, ಹತ್ತಿರ ಹೋದರೆ ಮತ್ತೆ ಹೆಂಚಿನ ಮೇಲೆ. ನನ್ನ ಗಂಡ ಯಾರದೋ ಮೀನಿನ ಬಲೆ ತಂದು ಬೀಸಿದರು. ಬಲೆ ಬಿದ್ದದ್ದು ನಾಯಿಯ ಮೇಲೆ. ಆ ಅಮ್ಮ ಸೆರಗಿಲ್ಲದ ನಿಲುವಂಗಿಯ ತೋಳಿನಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು.

"ಬುಡು, ಓದ್ವು ಅಂತ ತಿಳ್ಕೊ," ಎಂದರು ನನ್ನ ಗಂಡ.

"ಎಲ್ಲೂ ಹೋಗಿಲ್ಲ. ಅವುಗಳ ಅವ್ವನ್ನ ಕರ್ಕೊಂಡ್ ಬತ್ತೀನಿ, ತಡೀರಿ," ಎಂದೆ.

ನನ್ನ ಗಂಡ ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೆ ನನಗೆ ಅನುಮಾನವಿರಲಿಲ್ಲ. ಮಧ್ಯಾಹ್ನ ಹೇಂಟೆಯನ್ನು ಮಂಕರಿಯಲ್ಲಿಟ್ಟುಕೊಂಡು, ಗೆದ್ದಲಿನ ಗಡಿಗೆಯನ್ನೂ ಹಿಡಿದು ಅವರ ಬೈಕಿನ ಹಿಂದೆ ಕೂತು ವಾಪಸ್ಸು ಹೋದೆ. ಕಾಲಿಗೆ ದಾರ ಕಟ್ಟಿ ಅಂಗಳದಲ್ಲಿ ಬಿಟ್ಟರೆ ಹೇಂಟೆ ಬೈಕಿನ ಸವಾರಿಗೆ ಮುನಿದುಕೊಂಡು ರೆಕ್ಕೆ ಉಬ್ಬಿಸಿ ಸುಮ್ಮನೆ ಕೂತಿತು. ಮೇಲಿನವು ಕತ್ತು ಬಗ್ಗಿಸಿ ನೋಡಿದವು. ನಾನು ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದರ ಮುಂದೆ ಗೆದ್ದಲು ಕೊಡವಿದೆ. ಅದು ಒಂದು ಗೆದ್ದಲನ್ನು ಕೊಕ್ಕಿನಲ್ಲಿ ಎತ್ತಿತು, ಕೆಳಗಿಟ್ಟಿತು, ಮತ್ತೆ ಎತ್ತಿ 'ಕೊಕ್ ಕೊಕ್' ಎಂದಿತು.

ಹೆಂಚಿನ ಮೇಲಿನ ಗಲಾಟೆ ನಿಂತಿತು. ಒಂದು ಇಳಿಯಿತು, ಅದರ ಹಿಂದೆ ಇನ್ನೊಂದು. ತಾಯಿಗಿಂತ ದಪ್ಪಗೆ ಬೆಳೆದಿದ್ದ ಆ ಹಕ್ಕಿಗಳು ಮರಿಗಳ ಹಾಗೆ ನುಗ್ಗಿ ಬಂದು ಅದರ ಕೊಕ್ಕಿನ ಸುತ್ತ ಸೇರಿದವು.

"ಅಯ್ಯೋ, ಇದು ಅವುಗಳ ತಾಯಿನಾ?" ಎಂದು ಆ ಅಮ್ಮ ಕೈಮುಗಿದುಬಿಟ್ಟರು.

ಹೇಂಟೆಯನ್ನು ಮಂಕರಿಗೆ ಹಾಕಿ ಸೊಂಟದ ಮೇಲಿಟ್ಟುಕೊಂಡು ನಡೆಯತೊಡಗಿದೆ. ಅಲ್ಲಲ್ಲಿ ಇಳಿಸಿ ಗೆದ್ದಲು ಹಾಕುವುದು, ಅದು ಕರೆಯುವುದು, ಇವು ಸಾಲಾಗಿ ಬರುವುದು. ಕ್ಯಾಂಪಿನ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದ ಇಬ್ಬರು ಸನ್ಯಾಸಿಗಳು ಕಾಲು ಊರಿ ನಿಂತರು. ಮುಖ್ಯ ರಸ್ತೆ ದಾಟುವಾಗ ಹುಣಸೂರಿನ ಬಸ್ಸು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಮೆರವಣಿಗೆ ಎಲ್ಲಿಗಕ್ಕೋ?" ಎಂದ. "ಮನೆಗೆ ಕಣಪ್ಪ, ದಾರಿ ಬುಡು," ಎಂದೆ. ನನ್ನ ಮದುವೆಯ ಮೆರವಣಿಗೆಯಲ್ಲೂ ನಾನು ಅಷ್ಟು ತಲೆಯೆತ್ತಿ ನಡೆದಿರಲಿಲ್ಲ.

ಮನೆಗೆ ಬಂದ ಮೇಲೆ ನೋಡಿದರೆ ಒಂದು ಹೆಣ್ಣು ಕಡಿಮೆ. ಒಂದು ವಾರ ಕಳೆದು ಆ ಅಮ್ಮನೇ ಹುಡುಕಿಕೊಂಡು ಬಂದರು. ಅದು ಅವರ ಜೋಳದ ಹೊಲದಲ್ಲಿ ಗೂಡು ಮಾಡಿ ಮೊಟ್ಟೆ ಇಡುತ್ತಿದೆಯಂತೆ.

"ತಂದುಕೊಡ್ಲಾ?" ಎಂದು ಕೇಳಿದವರು, ಕೊಟ್ಟಿಗೆಯ ಹಿಂದಿನ ಹಕ್ಕಿಗಳ ಕಡೆ ನೋಡಿ, "ನೀವು ಇವನ್ನ ಕೊಯ್ತೀರಾ?" ಎಂದರು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಗಂಡು ಜಾಸ್ತಿ ಆದ್ರೆ ಕೊಯ್ತೀವಿ ಅಮ್ಮಾ. ತಿನ್ನೋ ಮನೆ ನಮ್ದು."

"ನಾನೂ ಮಾಂಸ ತಿಂತೀನಿ," ಎಂದರು ಅವರು. "ಆದ್ರೆ ನನ್ನ ಮನೆ ಮೇಲೆ ಬಂದು ಕೂತಿದ್ದು ಅದು. ಅದನ್ನ ಮಾತ್ರ ನಂಗೆ ಬಿಡಿ."

"ಅದು ನಿಮ್ದೇ. ಆದ್ರೆ ಮರಿ ಸಾಕಕ್ಕೆ ಅದಕ್ಕೆ ಬರಲ್ಲ, ಇಬ್ಬನೀಲೇ ಕರ್ಕೊಂಡ್ ಹೋಗಿ ಸಾಯಿಸ್ತದೆ. ಮೊಟ್ಟೆ ಎತ್ತಿಡಿ. ನಮ್ಮ ಕರಿ ಹೇಂಟೆ ಕಾವಿಗೆ ಬಂದೈತೆ, ನಾನೇ ತಂದು ಕೂರುಸ್ತೀನಿ."

ಮಾರನೆಯ ದಿನ ಹೊರಡುವಾಗ ಅತ್ತೆ ಸೀರೆ ಬದಲಿಸಿಕೊಂಡು ನಿಂತಿದ್ದರು. ಇಷ್ಟು ವರ್ಷ ಕ್ಯಾಂಪು ರಸ್ತೆಯಾಚೆಗೇ ಇದ್ದರೂ ಅವರು ಅಲ್ಲಿನ ಯಾವ ಮನೆಯೊಳಗೂ ಕಾಲಿಟ್ಟವರಲ್ಲ. ನಾನು ಆ ಅಮ್ಮನ ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿಗೆ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಹೇಂಟೆಯನ್ನು ಕೂರಿಸಿ ಎದ್ದು ಬರುವಷ್ಟರಲ್ಲಿ ಇಬ್ಬರೂ ಬಾಗಿಲಿನ ಬೆಂಚಿನ ಮೇಲೆ ಕೂತಿದ್ದರು. ಅತ್ತೆ ಟಿಬೆಟಿನವರ ಉಪ್ಪು, ಬೆಣ್ಣೆ ಹಾಕಿದ ಟೀ ಒಂದು ಗುಟುಕು ಕುಡಿದು ಮುಖ ಕಿವುಚಿದರು. ಆದರೂ ಲೋಟ ಕೆಳಗಿಡಲಿಲ್ಲ.

"ನೀರಿನ ತಟ್ಟೆಗೆ ಕಲ್ಲಾಕದ ಮರೀಬ್ಯಾಡಿ," ಎಂದು ಆ ಅಮ್ಮನಿಗೆ ಹೇಳುತ್ತಿದ್ದರು. "ಬಿಸ್ಲು ಬರಗಂಟ ಆಚೆ ಬುಡಬ್ಯಾಡಿ. ಬಲು ನಾಜೂಕು ಕಣ್ರೀ ಇವು, ನಾನು ಸಾಕಿವ್ನಿ, ನಂಗೊತ್ತು."